ನಾಲ್ಕೂವರೆ ನಂಬರಿನ ಫೋಟೋ

ಮೂವತ್ತೇಳನೇ ಇಸವಿಯಲ್ಲಿ ನಮ್ಮ ಯಜಮಾನರು ಬಳ್ಳಾರಿಯಿಂದ ಕ್ಯಾಮೆರಾ ತಂದಾಗ ನಾನು ತವರಿಗೆ ಹೋಗಿ ಮೂರು ವರ್ಷವಾಗಿತ್ತು. ಕಂಪ್ಲಿಯಿಂದ ಬಂಡ್ರಿಗೆ ಹೋಗುವುದೇನು ಕಾಶಿಗೆ ಹೋದಂತೆಯೇ? ಕೇಳಿದಾಗಲೆಲ್ಲ "ಈ ಸುಗ್ಗಿ ಮುಗೀಲಿ" ಎನ್ನುತ್ತಿದ್ದರು. ಅಕ್ಕಿ ಮಿಲ್ಲಿನವರಿಗೆ ಸುಗ್ಗಿ ಯಾವತ್ತು ಮುಗಿಯುತ್ತದೆ, ಹೇಳಿ!

ಈ ಸಲ ಹೊಸ ಉಪಾಯ. "ಹೋಗೋದು ಯಾಕ? ಮಿಲ್ಲಿನ ಮುಂದ ಕುಂದ್ರಿಸಿ ಫೋಟೋ ಹೊಡೀತೀನಿ. ನಿಮ್ಮವ್ವ ನಿನ್ನೂ ನೋಡಿದಂಗಾತು, ಮಿಲ್ಲೂ ನೋಡಿದಂಗಾತು" ಎಂದರು. ನನಗೆ ಮೈಯೆಲ್ಲ ಉರಿಯಿತು. ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಬೇಕೆಂದರೆ ಈ ಮನುಷ್ಯ ಕಾಗದ ಕಳಿಸುತ್ತಾರಂತೆ!

ಕ್ಯಾಮೆರಾದಲ್ಲಿ ಬೆಳಕು ಬಿಡುವ ತೂತೊಂದಿತ್ತು, ಅದನ್ನು ಹಿಗ್ಗಿಸಿ ಕುಗ್ಗಿಸಲು ನಂಬರುಗಳ ಮೇಲೆ ಸರಿಯುವ ಮುಳ್ಳು. ಬಿಸಿಲು ಜೋರಿದೆ, ತೂತು ಸಣ್ಣದಿರಲಿ ಎಂದು ಇವರು ನಾಲ್ಕೂವರೆಗಿಟ್ಟು ಹೊಡೆದೇ ಹೊಡೆದರು. ಫಿಲ್ಮು ಪೂರಾ ಹಾಳು, ಬಂದದ್ದು ಬರೀ ಬಿಳುಪು. ನಂಬರು ಸಣ್ಣದಾದಷ್ಟೂ ತೂತು ದೊಡ್ಡದು ಎಂದು ಸ್ಟುಡಿಯೋದವನು ಹೇಳಿ ಕಳಿಸಿದ್ದ.

"ಇದೆಂಥ ಉಲ್ಟಾ ಲೆಕ್ಕಲೇ ಚೆನ್ನಬಸಿ!" ಎಂದು ಇವರು ನನ್ನತ್ತ ತಿರುಗಿದರು.

"ಅಯ್ಯ, ನಮ್ಮ ಜರಡೀನೂ ಹಂಗ ಐತಲ್ರೀ. ಎಂಟು ನಂಬರಿನ್ಯಾಗ ಅಕ್ಕಿ ಇಳೀತೈತಿ, ಹದಿನಾರರಾಗ ಬರೇ ನುಚ್ಚು" ಎಂದೆ.

ಇವರು ಬಾಯಿಬಿಟ್ಟುಕೊಂಡು ನನ್ನನ್ನೇ ನೋಡಿದರು. ಆಮೇಲೆ ಕ್ಯಾಮೆರಾದ ಪುಸ್ತಕ ತೆಗೆದು ಗಟ್ಟಿಯಾಗಿ ಓದಿ ಹೇಳಿದರು. ತೂತು ಸಣ್ಣದಿದ್ದರೆ ಹತ್ತಿರದ್ದೂ ದೂರದ್ದೂ ಸ್ಪಷ್ಟ, ಆದರೆ ತೂತು ತೆರೆದಿರುವ ಹೊತ್ತು ಹೆಚ್ಚು ಬೇಕು. ದೊಡ್ಡದಿದ್ದರೆ ಹತ್ತಿರದ ಮುಖವಷ್ಟೇ ಸ್ಪಷ್ಟ, ಹಿಂದಿನದೆಲ್ಲ ಮಸುಕು, ಹೊತ್ತೂ ಕಡಿಮೆ ಮಾಡಬೇಕು.

"ಹದಿನಾರ ಇರ್ಲಿ. ಹಿಂದ ಮಿಲ್ಲಿನ ಬೋರ್ಡಿನ ಮ್ಯಾಲೆ ನನ್ನ ಹೆಸ್ರು ಓದಂಗಿರಬೇಕು."

ಮರುದಿನ ಸಂಜೆ ಮಿಲ್ಲಿನ ಅಂಗಳದಲ್ಲಿ ಕ್ಯಾಮೆರಾ ನಿಲ್ಲಿಸಿ, ಮುಳ್ಳು ಹದಿನಾರಕ್ಕಿಟ್ಟು, ಆ ಬೋರ್ಡಿನ ಧೂಳು ಒರೆಸಲು ಹೋದರು. ಮುಳ್ಳನ್ನು ನಾಲ್ಕೂವರೆಗೆ ಸರಿಸಿದೆ, ಪುಸ್ತಕದಲ್ಲಿ ಹೇಳಿದಂತೆ ಹೊತ್ತನ್ನೂ ಇಳಿಸಿದೆ. ಬಂದು ಸ್ಟೂಲಿನ ಮೇಲೆ ಕುಳಿತೆ. "ನಗಲೇ" ಎಂದರು. ನಾನೇಕೆ ನಗಲಿ?

ಫೋಟೋ ಬಂತು. ನನ್ನ ಮುಖ ಮಾತ್ರ ಎದ್ದು ಕಾಣುತ್ತಿತ್ತು, ಮೂಗುತಿಯ ಹರಳು, ಬತ್ತಿದ ಗಲ್ಲ, ಕಣ್ಣ ಕೆಳಗಿನ ಕಪ್ಪು ಸಮೇತ. ಹಿಂದೆ ಮಿಲ್ಲು ಅಂಬಲಿಯಂತೆ ಕಲಸಿಹೋಗಿತ್ತು. ಇವರು ಕ್ಯಾಮೆರಾ ಮಾರಿದವನಿಗೆ ಬಾಯಿಗೆ ಬಂದಂತೆ ಬೈದರು. ಆದರೆ ಕಳಿಸುತ್ತೇವೆಂದು ಬಂಡ್ರಿಗೆ ಮೊದಲೇ ಬರೆದಾಗಿತ್ತು. ಅದನ್ನೇ ಟಪಾಲಿಗೆ ಹಾಕಿದರು.

ಎಂಟನೇ ದಿನ ನನ್ನ ತಮ್ಮ ಗುಡ್ಡಪ್ಪ ಎತ್ತಿನ ಗಾಡಿ ಹೊಡೆದುಕೊಂಡು ಬಂದ. ಕೈಕಾಲು ತೊಳೆಯದೆ, ಕೊಟ್ಟ ನೀರನ್ನೂ ಮುಟ್ಟದೆ, ಇವರೆದುರು ನಿಂತು ಹೇಳಿದ:

"ಮಾವ, ಅವ್ವ ಹೇಳಿ ಕಳಿಸ್ಯಾಳ. 'ಮಗಳ ಮುಖ ಬಂದು ಮುಟ್ಟೇತಿ ಅಳಿಯಂದ್ರ, ಭಾಳ ಸೊರಗೈತಿ. ಉಳಿದ ಮಗಳನ್ನೂ ಕಳಿಸಿಬಿಡ್ರಿ.'"

ನಾನು ಸೀರೆ ಗಂಟು ಕಟ್ಟಲು ಒಳಗೆ ಓಡಿದೆ.