ಐವತ್ತಾರು ಪರ್ಸೆಂಟ್

ನಮ್ಮದು ಲಿಫ್ಟ್ ರಿಪೇರಿ ಅಂಗಡಿ. ಅಣ್ಣ ಮೆಕ್ಯಾನಿಕ್. ನಮ್ಮವರು ಅವನ ಕೈಕೆಳಗೆ ಕೆಲಸ ಕಲಿತು ಮೆಕ್ಯಾನಿಕ್ ಆದವರು, ಆಮೇಲೆ ನನ್ನ ಗಂಡನಾದವರು. ನಾನು ಮೇಜಿನ ಹಿಂದೆ ಕೂತು ಬಿಲ್ಲು, ಬಿಡಿಭಾಗ, ಇವರಿಬ್ಬರ ಜಗಳ ಮೂರನ್ನೂ ನೋಡಿಕೊಳ್ಳುತ್ತೇನೆ.

ನಮ್ಮ ಸುಪರ್ದಿಯ ಪ್ರತಿಯೊಂದು ಲಿಫ್ಟಿನ ಒಳಗೂ ಗುಂಡಿಗಳ ಮೇಲ್ಗಡೆ ಒಂದು ಹಳದಿ ಚೀಟಿ ಅಂಟಿಸಿರುತ್ತೇವೆ. ‘ಲಿಫ್ಟ್ ನಿಂತರೆ ಹೆದರಬೇಡಿ, ಈ ನಂಬರಿಗೆ ಫೋನ್ ಮಾಡಿ’ ಎಂದು ಅದರಲ್ಲಿರುತ್ತದೆ. ಆ ನಂಬರಿನ ಫೋನು ಇರುತ್ತಿದ್ದುದು ಅಣ್ಣನ ಜೇಬಿನಲ್ಲಿ. ನನ್ನ ಮೇಜಿನ ಮೇಲಿರಲಿ ಎಂದು ಎಷ್ಟು ಸಲ ಹೇಳಿದರೂ ಅವನು ಒಪ್ಪಿರಲಿಲ್ಲ.

“ದೂರು ಮೆಕ್ಯಾನಿಕ್ ಕಿವಿಗೇ ಬೀಳ್ಬೇಕು ಕಣೇ. ಟಕ್ ಅಂದ್ರೆ ಬಾಗಿಲು, ಡಬ್ ಅಂದ್ರೆ ಬ್ರೇಕು. ಮಧ್ಯ ಇನ್ನೊಬ್ರು ಕೂತ್ರೆ ಟಕ್ ಹೋಗಿ ಡಬ್ ಆಗತ್ತೆ, ನಾನು ಬ್ರೇಕ್ ಬಿಚ್ಚಿಕೊಂಡು ಕೂತಿರ್ತೀನಿ,” ಅನ್ನುತ್ತಿದ್ದ.

ಆ ಫೋನಿಗೆ ವಯಸ್ಸಾಗಿತ್ತು. ಬೆಳಿಗ್ಗೆ ತುಂಬಿಸಿಕೊಂಡು ಹೋದರೆ ಮಧ್ಯಾಹ್ನದ ಊಟದ ಹೊತ್ತಿಗೆ ಕಣ್ಣು ಮುಚ್ಚುತ್ತಿತ್ತು. ಹೀಗೆ ಒಂದೇ ತಿಂಗಳಲ್ಲಿ ಎರಡು ಸಲ ಹನ್ನೆರಡು ಮಹಡಿಯ ಕಟ್ಟಡದ ಕರೆ ತಪ್ಪಿತು. ಒಂದು ಸಲ ಸೋಫಾ ಸಾಗಿಸುತ್ತಿದ್ದವನೊಬ್ಬ ಲಿಫ್ಟಿನೊಳಗೆ ಮುಕ್ಕಾಲು ಗಂಟೆ ಅದೇ ಸೋಫಾದ ಮೇಲೆ ಕೂತಿದ್ದ. ಇನ್ನೊಂದು ಸಲ ಆ ಕಟ್ಟಡದ ಕಾರ್ಯದರ್ಶಿಯೇ ಮಂಡಿನೋವು ಹೊತ್ತುಕೊಂಡು ಹತ್ತು ಮಹಡಿ ಹತ್ತಿದರು. ಅವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ನಾವೆಲ್ಲ ಹೆಡ್‌ಮೇಡಂ ಅನ್ನುತ್ತೇವೆ.

ಹೆಡ್‌ಮೇಡಂ ಅಣ್ಣನನ್ನು ಕರೆಸಿ, ಎದುರಿಗೆ ಕುರ್ಚಿ ಇದ್ದರೂ ನಿಲ್ಲಿಸಿಯೇ ಹೇಳಿದರು: “ತಪ್ಪು ಮಾಡಿದ ಮಕ್ಕಳಿಗೆ ನಾನು ಎರಡು ಸಲ ಹೇಳ್ತಿದ್ದೆ. ನಿಮಗೂ ಎರಡಾಯ್ತು. ಇನ್ನೊಂದು ಸಲ ನೀವು ಫೋನ್ ಎತ್ತಲಿಲ್ಲ ಅಂದ್ರೆ ಆ ಹಳದಿ ಚೀಟಿ ಕೀಳಿಸ್ತೀನಿ.”

“ಹಾಗೇನಾದ್ರೂ ಆದ್ರೆ ನಾನೇ ಕೀಳ್ತೀನಿ ಮೇಡಂ,” ಎಂದು ಬಂದ ಅಣ್ಣ.

ಆ ಕಟ್ಟಡ ಎಂದರೆ ನಮ್ಮ ಅರ್ಧ ಕೆಲಸ. ಅದು ಕೈತಪ್ಪಿದರೆ ಇಬ್ಬರು ಮೆಕ್ಯಾನಿಕ್‌ಗಳಲ್ಲಿ ಒಬ್ಬರು ಬೇರೆ ಕಡೆ ಕೆಲಸ ಹುಡುಕಬೇಕು. ಆ ಒಬ್ಬರು ಯಾರು ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಮರುದಿನವೇ ಮೂವರೂ ಫೋನಿನ ಅಂಗಡಿಗೆ ಹೋದೆವು.

ಕೊಳ್ಳುವುದಾದರೆ ಕಂಪನಿಯ ಎಲ್ಲಕ್ಕಿಂತ ಮೇಲಿನ ಮಾಡೆಲ್ಲೇ ಕೊಳ್ಳಬೇಕು ಎಂಬ ವಿಷಯದಲ್ಲಿ ಮಾತ್ರ ಭಾವ ಮೈದುನರಿಗೆ ಒಮ್ಮತವಿತ್ತು. ಅಂಗಡಿಯ ಹುಡುಗಿ ಗಾಜಿನ ಮೇಲೆ ಎರಡು ಫೋನ್ ಇಟ್ಟಳು. ಒಂದು ತೆಳ್ಳಗೆ, ಬೆಳ್ಳಗೆ; ಅದರಲ್ಲಿ ಇಲ್ಲದ ವಿದ್ಯೆಯೇ ಇಲ್ಲ. ಇನ್ನೊಂದು ಕರ್ರಗೆ, ದಪ್ಪಗೆ. ಅದರ ಹೆಚ್ಚುಗಾರಿಕೆ ಎಂದರೆ ಬ್ಯಾಟರಿ.

ನಮ್ಮವರು ಬಿಳಿಯದನ್ನು ಕೈಗೆತ್ತಿಕೊಂಡವರು ಕೆಳಗಿಡಲಿಲ್ಲ. “ಭಾವ, ಇದು ಕತ್ತಲಲ್ಲೂ ಫೋಟೋ ತೆಗಿಯತ್ತಂತೆ. ನಾವು ಎತ್ತದಿದ್ರೆ ಕರೆಗೆ ತಾನೇ ಉತ್ತರ ಹೇಳತ್ತಂತೆ. ಫೋಟೋದಲ್ಲಿ ಬೇಡದವರು ನಿಂತಿದ್ರೆ ಅವರನ್ನ ಅಳಿಸಿಬಿಡತ್ತಂತೆ.”

“ಜನ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿರ್ತಾರೆ. ಅವರನ್ನ ಅಳಿಸಿದ್ರೆ ಆಯ್ತಾ? ಹೊರಗೆ ತೆಗೀಬೇಕಲ್ವಾ?” ಅಂದ ಅಣ್ಣ. ಆಮೇಲೆ ಹುಡುಗಿಯ ಕಡೆ ತಿರುಗಿದ. “ಈ ಕರಿಯಣ್ಣ ಎಷ್ಟು ದಿನ ಬರ್ತಾನಮ್ಮಾ?”

“ಎರಡು ದಿನ ಆರಾಮಾಗಿ ಬರತ್ತೆ ಸರ್.”

“ಕಂಪನಿಯವರಿಗೆ ನಾಜೂಕಾಗಿ ಬಳಸೋಕೆ ಬರಲ್ಲ, ಅದಕ್ಕೆ ಎರಡು ದಿನ. ನಾನು ಏಳು ದಿನ ಬರಿಸ್ತೀನಿ.”

ಏಳು ಎನ್ನಲು ಕಾರಣವಿತ್ತು. ಇಷ್ಟವಾಗದಿದ್ದರೆ ಏಳು ದಿನದೊಳಗೆ ತಂದುಕೊಟ್ಟು, ಅದೇ ಬೆಲೆಗೆ ಬೇರೆ ಏನು ಬೇಕಾದರೂ ಒಯ್ಯಬಹುದು ಎಂದು ಹುಡುಗಿ ಆಗಷ್ಟೇ ಹೇಳಿದ್ದಳು. ಅಣ್ಣ ಅಲ್ಲಿಯೇ ಪಂದ್ಯದ ಕರಾರು ಮಾಡಿದ.

ಲಿಫ್ಟಿನ ದೊಡ್ಡ ರಿಪೇರಿ ಮುಗಿದ ಮೇಲೆ ನಾವು ಲೋಡ್ ಟೆಸ್ಟ್ ಮಾಡುತ್ತೇವೆ. ಎಷ್ಟು ಜನ ಹತ್ತಬಹುದೋ ಅಷ್ಟು ತೂಕದ ಕಬ್ಬಿಣದ ಗಟ್ಟಿಗಳನ್ನು ಒಳಗಿಟ್ಟು, ಮೇಲೆ ಕೆಳಗೆ ಓಡಿಸಿ ನೋಡಿ, ಆಮೇಲಷ್ಟೇ ಮನುಷ್ಯರನ್ನು ಹತ್ತಿಸುವುದು. ಫೋನಿಗೂ ಲೋಡ್ ಟೆಸ್ಟ್ ಎಂದ ಅಣ್ಣ. ಒಂದು ಸಲ ತುಂಬಿಸುವುದು, ಮತ್ತೆ ವೈರು ತಾಗಿಸಕೂಡದು. ಏಳನೇ ದಿನದ ಸಂಜೆ ಉಸಿರಿದ್ದರೆ ಕರಿಯದೇ ಖಾಯಂ. ಮೊದಲೇ ಸತ್ತರೆ ಬಿಳಿಯದು.

“ಲೋಡ್ ಟೆಸ್ಟಲ್ಲಿ ನೀನು ಕಬ್ಬಿಣ ಇಡ್ತೀಯ, ಜನರನ್ನ ಕೂರಿಸಲ್ಲ. ಈ ಟೆಸ್ಟಲ್ಲಿ ಹೆಡ್‌ಮೇಡಂನೇ ಕೂರಿಸ್ತಾ ಇದ್ದೀಯಲ್ಲೋ,” ಎಂದೆ ನಾನು. ಇಬ್ಬರಿಗೂ ಕೇಳಿಸಲಿಲ್ಲ. ನಮ್ಮವರು ಬಿಳಿಯ ಫೋನಿಗೆ ‘ಬೇಗ ಬರ್ತೀನಿ’ ಎಂಬಂತೆ ನೋಡುತ್ತಿದ್ದರು.

ಅಣ್ಣ ಫೋನಿನ ಮೇಲಿನ ಪ್ಲಾಸ್ಟಿಕ್ ಪೊರೆಯನ್ನೂ ತೆಗೆಯಲಿಲ್ಲ. ದಿನಾ ಬೆಳಿಗ್ಗೆ ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆಯತೊಡಗಿದ. ನೂರು. ತೊಂಬತ್ತೊಂದು. ಮೂರನೇ ದಿನ ಎಪ್ಪತ್ತನಾಲ್ಕು ಎಂದು ಬರೆಯುವಾಗ, ಸ್ವಂತ ರಕ್ತ ಪರೀಕ್ಷೆಯ ಫಲಿತಾಂಶ ಬರೆಯುವವನ ಹಾಗಿತ್ತು ಅವನ ಮುಖ.

“ಒಂದೇ ದಿನಕ್ಕೆ ಹದಿನೇಳು ಹೇಗೆ ಹೋಯ್ತು?”

ಹೇಗೆ ಹೋಯಿತೆಂದು ನನಗೆ ಗೊತ್ತಿತ್ತು. ಅಣ್ಣ ಕೈ ತೊಳೆಯಲು ಹೋದಾಗಲೆಲ್ಲ ನಮ್ಮವರು ಆ ಫೋನಿನಲ್ಲಿ ವಿಡಿಯೋ ಹಾಕಿ, ಸದ್ದು ಮುಚ್ಚಿ, ಅವನ ಕೋಟಿನ ಜೇಬಿಗೆ ಇಳಿಬಿಡುತ್ತಿದ್ದರು. ಕತ್ತಲೆ ಜೇಬಿನೊಳಗೆ ಯಾರೋ, ನೋಡುವವರೇ ಇಲ್ಲದೆ, ಕುಣಿಯುತ್ತಿದ್ದರು.

“ರೀ, ಇದು ಸರಿಯಿಲ್ಲ,” ಎಂದೆ.

“ಲೋಡ್ ಟೆಸ್ಟ್ ಅಂದ್ಮೇಲೆ ಲೋಡ್ ಬೇಡ್ವೇನೇ?” ಅಂದರು.

ಅಣ್ಣ ತನಗೆ ತೋಚಿದ ಕಟ್ಟುಪಾಡು ತಂದ. ಪರದೆಯ ಬೆಳಕು ಇಳಿಸಿದ. ಫೋನನ್ನು ಮೂಗಿಗೆ ಹತ್ತಿರ ಹಿಡಿದು, ಮೇಲೊಂದು ಟವೆಲ್ ಮುಚ್ಚಿಕೊಂಡರೆ ಮಾತ್ರ ಏನಾದರೂ ಕಾಣುತ್ತಿತ್ತು. ಇಂಟರ್ನೆಟ್ ನಿಲ್ಲಿಸಿದ. ಫೋನ್ ನಡುಗುವುದನ್ನು ನಿಲ್ಲಿಸಿದ. ಕರೆ ಬಂದರೆ “ಹೇಳಿ, ಯಾವ ಮಹಡಿ, ಬಂದೆ” ಎಂದು ಮೂರೇ ಉಸಿರಿನಲ್ಲಿ ಮುಗಿಸುತ್ತಿದ್ದ. ನಮ್ಮತ್ತಿಗೆ ಫೋನ್ ಮಾಡಿದಾಗಲೂ “ಯಾವ ಮಹಡಿ” ಎಂದು ಕೇಳಿ ಬೈಸಿಕೊಂಡ.

ಇಷ್ಟಾದರೂ ಐದನೇ ದಿನ ಐವತ್ತೆಂಟಕ್ಕೆ ಬಂತು. ಆ ವೇಳೆಗೆ ನಮ್ಮವರು ವಿಡಿಯೋ ಬಿಟ್ಟು ಟಾರ್ಚಿಗೆ ಕೈಹಾಕಿದ್ದರು. ಅಣ್ಣ ಇಡೀ ಮಧ್ಯಾಹ್ನ ಯೋಚಿಸಿ ಕಳ್ಳನನ್ನು ಹಿಡಿದೆ ಅಂದ.

“ನೆಟ್‌ವರ್ಕು. ಅದೇ ತಿಂತಾ ಇರೋದು. ಟವರ್ ಎಲ್ಲಿದೆ, ಎಲ್ಲಿದೆ ಅಂತ ಇದು ಹಗಲೆಲ್ಲ ಹುಡುಕ್ತಿರತ್ತೆ. ಹುಡುಕೋದನ್ನ ನಿಲ್ಲಿಸಿದ್ರೆ ಆಯ್ತು.”

ಹಾಗೆಂದು ವಿಮಾನದ ಚಿತ್ರವಿರುವ ಗುಂಡಿ ಒತ್ತಿದ. ನಾನು ಒಳಗೆ ಬಿಡಿಭಾಗ ಎಣಿಸುತ್ತಿದ್ದೆ, ಒತ್ತಿದ್ದನ್ನು ನೋಡಲಿಲ್ಲ. ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಆರನೇ ದಿನ ಐವತ್ತೇಳು. ಅಣ್ಣ ಈಗ ಕೈ ತೊಳೆಯಲು ಹೋಗುವಾಗಲೂ ಕೋಟು ಕಳಚುತ್ತಿರಲಿಲ್ಲ, ನಮ್ಮವರಿಗೆ ಟಾರ್ಚ್ ಉರಿಸಲು ಫೋನೇ ಸಿಗಲಿಲ್ಲ. ಅಣ್ಣನ ಸಂತೋಷ ಹೇಳತೀರದು. ಅವತ್ತು ಒಂದೂ ಕರೆ ಬರಲಿಲ್ಲ. “ನೋಡಿದ್ಯಾ, ಎಲ್ಲ ಲಿಫ್ಟೂ ಬಂಗಾರದ ಹಾಗಿವೆ,” ಅಂದ.

ಏಳನೇ ದಿನ ಬೆಳಿಗ್ಗೆ ಗೋಡೆಯ ಮೇಲೆ ಐವತ್ತಾರು ಎಂದು ಬರೆದು ಇಬ್ಬರೂ ಹನ್ನೆರಡು ಮಹಡಿಯ ಕಟ್ಟಡಕ್ಕೇ ಹೋದರು. ಅದು ತಿಂಗಳ ತಪಾಸಣೆಯ ದಿನ. ಅಲ್ಲಿ ನಡೆದದ್ದನ್ನು ಮೂರು ಜನ ಮೂರು ಥರ ಹೇಳಿದ್ದಾರೆ. ಮೂರರಲ್ಲೂ ಇರುವುದನ್ನಷ್ಟೇ ಹೇಳುತ್ತೇನೆ.

ಆ ಕಟ್ಟಡದಲ್ಲಿ ಅಕ್ಕಪಕ್ಕ ಎರಡು ಲಿಫ್ಟ್, ನಡುವೆ ಗೋಡೆಯಿಲ್ಲ. ಎಡಗಡೆಯದನ್ನು ನಿಲ್ಲಿಸಿ ಅಣ್ಣ ಮೇಲೆ ತಾರಸಿಯ ಮೋಟಾರ್ ಕೋಣೆಯಲ್ಲಿದ್ದ. ನಮ್ಮವರು ಅದೇ ಲಿಫ್ಟಿನ ತಳದ ಗುಂಡಿಯಲ್ಲಿ ಇಳಿದು ಕಸ ತೆಗೆಯುತ್ತಿದ್ದರು. ಅವರ ಜೇಬಿನಲ್ಲಿದ್ದುದು ಅಂಗಡಿಯ ಹಳೆಯ ಫೋನು. ಹೊತ್ತು ಹನ್ನೆರಡಾಗಿತ್ತು, ಅದು ಆಗಲೇ ಕಣ್ಣು ಮುಚ್ಚಿತ್ತು. ಹೆಡ್‌ಮೇಡಂ ಹತ್ತನೇ ಮಹಡಿಯಲ್ಲಿ ಬಲಗಡೆಯ ಲಿಫ್ಟ್ ಹತ್ತಿದರು. ಎಂಟನೆಯ ಮಹಡಿ ದಾಟುತ್ತಲೇ ಅದು ನಿಂತಿತು.

ಅವರು ಹೆದರಲಿಲ್ಲ. ಹಳದಿ ಚೀಟಿ ಓದಿ ಫೋನ್ ಮಾಡಿದರು. ‘ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ.’ ನಾಲ್ಕು ಸಲವೂ ಅದೇ ಉತ್ತರ. ಆಮೇಲೆ ತಲೆಯ ಮೇಲೆ, ತುಂಬಾ ಮೇಲೆ, ಯಾರೋ ನೆಮ್ಮದಿಯಾಗಿ ಶಿಳ್ಳೆ ಹಾಕುತ್ತಿರುವುದು ಕೇಳಿಸಿತು. ಮೇಡಂ ಊರುಗೋಲಿನಿಂದ ಲಿಫ್ಟಿನ ಗೋಡೆ ಬಡಿದರು.

ಶಿಳ್ಳೆ ನಿಂತಿತು. “ಯಾರದು?” ಎಂದು ಅಣ್ಣ ಹಗ್ಗಗಳ ಸಂದಿಯಿಂದ ಬಗ್ಗಿ ಕೇಳಿದ.

“ನಾನು. ನಿಮ್ಮ ಫೋನ್ ಸತ್ತಿದೆಯಾ?”

“ಇಲ್ಲ ಮೇಡಂ,” ಅಂದ ಅಣ್ಣ. ಹೆಮ್ಮೆ ತಡೆಯಲಾಗಲಿಲ್ಲವೋ ಏನೋ, ಸೇರಿಸಿದ: “ಐವತ್ತಾರು ಪರ್ಸೆಂಟ್ ಇದೆ.”

ಕೆಳಗೆ ಊರುಗೋಲು ಇನ್ನೊಂದು ಸಲ ಗೋಡೆಗೆ ಬಡಿಯಿತು. ಆಮೇಲೆ, “ನಂದು ಮೂರಿತ್ತು. ಆ ಮೂರರಲ್ಲೇ ನಿಮಗೆ ನಾಲ್ಕು ಸಲ ಮಾಡಿದೆ.”

ಅಣ್ಣನಿಗೆ ಆಗ ವಿಮಾನದ ಗುಂಡಿ ನೆನಪಾಯಿತು. ಆದರೆ ಮೊದಲು ಮನುಷ್ಯರನ್ನು ಹೊರಗೆ ತೆಗೆಯಬೇಕು. ವಿದ್ಯುತ್ ತೆಗೆದು, ಬ್ರೇಕ್ ಸಡಿಲಿಸಿ, ಕೈಯಿಂದ ಚಕ್ರ ತಿರುಗಿಸಿ ಲಿಫ್ಟನ್ನು ಏಳನೆಯ ಮಹಡಿಗೆ ಇಳಿಸಬೇಕು. ನೆಲ ಸಮಕ್ಕೆ ಬಂತೆಂದು ಹೇಳಿ ಬಾಗಿಲು ತೆರೆಯಲು ಅಲ್ಲೊಬ್ಬರು ಬೇಕು. ಆ ಒಬ್ಬರು ಹನ್ನೆರಡು ಮಹಡಿ ಕೆಳಗೆ ಗುಂಡಿಯಲ್ಲಿದ್ದರು. ಅಣ್ಣ ವಿಮಾನವನ್ನು ಇಳಿಸಿ ಫೋನ್ ಮಾಡಿದ. ಸ್ವಿಚ್ ಆಫ್. ಕೂಗಿದ. ಕೂಗು ಅರ್ಧ ದಾರಿಯಲ್ಲೇ ಬರೀ ಗುಂಯ್ ಎನ್ನುವ ಸದ್ದಾಯಿತು.

“ಏನು ಹೇಳ್ಬೇಕು, ನಂಗೆ ಹೇಳಿ,” ಅಂದರು ಹೆಡ್‌ಮೇಡಂ.

“ನಮ್ಮ ತಂಗಿ ಗಂಡ ತಳದಲ್ಲಿದ್ದಾನೆ ಮೇಡಂ. ಬಾಗಿಲಿನ ಕೀ ತಗೊಂಡು ಏಳನೇ ಮಹಡಿಗೆ ಬರಬೇಕು.”

ನಾಲ್ಕು ದಶಕ ಪಾಠ ಮಾಡಿದ ಗಂಟಲು ಅದು. ಬಾಗಿಲ ಸಂದಿಗೆ ಬಾಯಿಟ್ಟು ಅವರು ಹೇಳಿದ್ದು ಕೆಳಗೆ ನಮ್ಮವರಿಗೆ ಕಿವಿಯ ಪಕ್ಕದಲ್ಲಿ ಹೇಳಿದ ಹಾಗೆ ಕೇಳಿಸಿತಂತೆ. “ತಳದಲ್ಲಿರೋರೇ. ಬಾಗಿಲಿನ ಕೀ ತಗೊಂಡು ಏಳನೇ ಮಹಡಿಗೆ ಬನ್ನಿ.”

ನಮ್ಮವರು ಪೊರಕೆ ಕೆಳಗಿಟ್ಟು ನಾಲ್ಕೂ ಕಡೆ ನೋಡಿದರು. “ಯಾರು ಮಾತಾಡ್ತಿರೋದು?”

“ಲಿಫ್ಟು,” ಅಂದರು ಮೇಡಂ. “ಮೆಟ್ಟಿಲಲ್ಲೇ ಬನ್ನಿ. ನಾನು ಕೆಟ್ಟಿದ್ದೀನಿ.”

ನಮ್ಮವರು ಏಳು ಮಹಡಿ ಓಡಿದರು. ಆಮೇಲೆ ಮೇಲಿನವನ ಮಾತು ಹೊರಗಿನವರಿಗೂ, ಹೊರಗಿನವರ ಮಾತು ಮೇಲಿನವನಿಗೂ ಮೇಡಂ ಮೂಲಕವೇ ಹೋಯಿತು. ಇನ್ನೊಂದು ಅಡಿ. ಅರ್ಧ ಅಡಿ. ನಿಲ್ಲಿಸಿ. ಕಾಲು ಗಂಟೆಯಲ್ಲಿ ಬಾಗಿಲು ತೆರೆದು, ಮೇಡಂ ಊರುಗೋಲು ಊರಿ ಹೊರಬಂದರು.

ಅಣ್ಣ ತಾರಸಿಯಿಂದ ಇಳಿದು ಬಂದ. ನೆಪ ಹೇಳಲಿಲ್ಲ. ನೇರ ಲಿಫ್ಟಿನೊಳಗೆ ಹೋಗಿ, ಸ್ಕ್ರೂಡ್ರೈವರಿನ ತುದಿಯಿಂದ ಹಳದಿ ಚೀಟಿಯ ಮೂಲೆ ಎಬ್ಬಿಸತೊಡಗಿದ. ಅದನ್ನು ನೋಡಿ ನಮ್ಮವರು ಅವನ ತೋಳು ಹಿಡಿದರು.

“ಭಾವ, ನಿಲ್ಸು. ತಪ್ಪು ನಂದು. ಚಾರ್ಜ್ ಖಾಲಿ ಮಾಡ್ತಿದ್ದೋನು ನಾನು. ದಿನಾ ನಿನ್ನ ಕೋಟಿನ ಜೇಬಲ್ಲಿ ವಿಡಿಯೋ ಹಾಕಿ ಬಿಡ್ತಿದ್ದೆ. ಟಾರ್ಚೂ ಉರಿಸ್ದೆ.”

ಅಣ್ಣ ತಿರುಗಿ ನೋಡಿದ. “ಹಾಗಾದ್ರೆ ನೆಟ್‌ವರ್ಕ್ ಅಲ್ವಾ?”

“ಅಲ್ಲ.”

“ನೀನು ಅಷ್ಟು ತಿಂದ ಮೇಲೂ ಐವತ್ತಾರು ಉಳೀತಾ?” ಅಂದ ಅಣ್ಣ. ಅಂಥ ಹೊತ್ತಿನಲ್ಲೂ ಅವನ ಕಣ್ಣು ಹೊಳೆಯಿತಂತೆ. ಆಮೇಲೆ ಮತ್ತೆ ಚೀಟಿಗೆ ಕೈಹಾಕಿದ. “ಗುಂಡಿ ಒತ್ತಿದೋನು ನಾನೇ. ಮಾತು ಕೊಟ್ಟೋನೂ ನಾನೇ.”

ಹೆಡ್‌ಮೇಡಂ ಊರುಗೋಲನ್ನು ಅವನ ಕೈಗೆ ಅಡ್ಡ ಹಿಡಿದರು. “ನಂಬರು ನಿಮ್ಮ ತಂಗಿ ಹತ್ರ ಯಾಕಿಲ್ಲ?”

“ಮಧ್ಯ ಇನ್ನೊಬ್ರು ಇದ್ರೆ ಮಾತು ಕೆಡತ್ತೆ ಮೇಡಂ.”

“ನಾನು ಈಗ ಎಲ್ಲಿದ್ದೆ?” ಎಂದು ಕೇಳಿದರು ಮೇಡಂ. “ನಿಮ್ಮಿಬ್ಬರ ಮಧ್ಯ. ಒಂದು ಮಾತಾದ್ರೂ ಕೆಟ್ಟಿತಾ?”

ಅಣ್ಣ ಸ್ಕ್ರೂಡ್ರೈವರ್ ಕೆಳಗಿಳಿಸಿದ.

“ಚೀಟಿ ಕೀಳಿ, ಅದು ನೀವು ಕೊಟ್ಟ ಮಾತು. ನಾಳೆ ಬೆಳಿಗ್ಗೆ ಆ ಜಾಗದಲ್ಲಿ ಆಕೆ ನಂಬರು ಅಂಟಿಸಿ. ಒಂದು ತಿಂಗಳು ನೋಡ್ತೀನಿ.”

ಸಂಜೆ ಫೋನಿನ ಅಂಗಡಿಗೆ ನಾನೂ ಹೋದೆ. ಈ ಸಲ ಇಬ್ಬರನ್ನೂ ನನ್ನ ಹಿಂದೆ ನಿಲ್ಲಿಸಿಕೊಂಡೆ. ಹುಡುಗಿ ಕರಿಯ ಫೋನನ್ನು ತಿರುಗಿಸಿ ತಿರುಗಿಸಿ ನೋಡಿ, “ಪೊರೆ ಕೂಡ ತೆಗೆದಿಲ್ಲ. ಬಳಸೇ ಇಲ್ವಾ ಮೇಡಂ?” ಎಂದಳು.

“ಇಲ್ಲಮ್ಮ,” ಎಂದೆ. ಸುಳ್ಳೇನಲ್ಲ.

ಅವಳು ಬಿಳಿಯ ಫೋನನ್ನು ಮುಂದೆ ತಳ್ಳಿದಳು. ನಮ್ಮವರ ಉಸಿರು ನನ್ನ ಹೆಗಲಿಗೆ ತಾಗಿತು. “ಅದು ಬೇಡ. ಯಾವ ಫೋನಿನ ಗಂಟೆ ಎಲ್ಲಕ್ಕಿಂತ ಜೋರು?” ಎಂದು ಕೇಳಿದೆ.

ಮೂರು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿಲ್ಲ ಎಂದಳು ಹುಡುಗಿ. ಕಪಾಟಿನ ಕೆಳಗಿನ ಸಾಲಿನ ಫೋನುಗಳನ್ನು ಒಂದೊಂದಾಗಿ ಬಾರಿಸಿ ತೋರಿಸಿದಳು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಕಿವಿ ಮುಚ್ಚಿಕೊಂಡ ಫೋನನ್ನು ನಾನು ಆರಿಸಿದೆ. ಆ ಒಂದು ದೊಡ್ಡ ಫೋನಿನ ಬೆಲೆಗೆ ಅಂಥವು ಮೂರು ಬಂದವು, ಮೂವರಿಗೂ ಒಂದೊಂದು.

ನನ್ನದು ಮೇಜಿನ ಮೇಲೆ ಚಾರ್ಜಿನ ವೈರಿಗೆ ಕಟ್ಟಿಯೇ ಇರುತ್ತದೆ. ಅಣ್ಣ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಬಗ್ಗಿ ಅದರ ಅಂಕಿ ನೋಡುತ್ತಾನೆ. “ನೂರು,” ಅನ್ನುತ್ತಾನೆ ನಮ್ಮವರಿಗೆ. “ನೋಡಿ ಕಲ್ತುಕೋ. ಹೇಗೆ ಉಳಿಸಿದಾಳೆ.”

ಹೆಡ್‌ಮೇಡಂ ಹೇಳಿದ ಒಂದು ತಿಂಗಳು ಎಂದೋ ಕಳೆಯಿತು. ಈಗಲೂ ದಿನಕ್ಕೊಂದು ಸಲ, ಹೊತ್ತಲ್ಲದ ಹೊತ್ತಿನಲ್ಲಿ, ಗೋಡೆ ಅದುರುವ ಹಾಗೆ ಫೋನ್ ಬಡಿದುಕೊಳ್ಳುತ್ತದೆ. ಎತ್ತಿದರೆ ಆ ಕಡೆಯಿಂದ ಲಿಫ್ಟಿನ ಮಾತಿಲ್ಲ, ಕ್ಷೇಮ ಸಮಾಚಾರವೂ ಇಲ್ಲ; ಹಾಜರಿ ಕರೆಯುವ ಹಾಗೆ ನನ್ನ ಹೆಸರಷ್ಟೇ.

“ಇದ್ದೀನಿ ಮೇಡಂ,” ಅನ್ನುತ್ತೇನೆ.

“ಸರಿ, ಕೂತ್ಕೋ,” ಅಂದು ಇಟ್ಟುಬಿಡುತ್ತಾರೆ.