ಹನ್ನೊಂದು ಬೂದು ಇಟ್ಟಿಗೆ

ನನಗೆ ಬೂದು ಬಣ್ಣ ಸರಿಯಾಗಿ ಕಾಣುವುದಿಲ್ಲವೇನೋ ಎಂಬ ಅನುಮಾನ ಸೋಮವಾರ ಬೆಳಿಗ್ಗೆ ಹುಟ್ಟಿತು. ಇದು ಯಾರಲ್ಲಾದರೂ ಹೇಳಿಕೊಳ್ಳುವಂಥ ಚಿಂತೆಯಲ್ಲ. ಅಮ್ಮನಿಗೆ ಹೇಳಿದರೆ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾಳೆ. ಡೈರಿಯಲ್ಲಿ ಬರೆಯೋಣವೆಂದು ಕುಳಿತೆ. "ಇವತ್ತು ಬಿಸಿಲು ಚೆನ್ನಾಗಿದೆ" ಎಂದಷ್ಟೇ ಬರೆದು ಮುಚ್ಚಿದೆ.

ಬಿಸಿಲಿನಿಂದಲೇ ಎಲ್ಲ ಬಯಲಾಗಿದ್ದು. ನನ್ನ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ಇದೆ. ಚಿಕ್ಕಂದಿನಿಂದ ಕೂಡಿಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳು ಅದರಲ್ಲಿವೆ. ಒಂದರ ಗುಬುಟುಗಳ ಮೇಲೆ ಇನ್ನೊಂದನ್ನು ಒತ್ತಿ ಕೂರಿಸುತ್ತಾ ಹೋಗುವ, ಮಕ್ಕಳ ಆಟದ ಇಟ್ಟಿಗೆಗಳು. ಅವನ್ನು ಕಿಟಕಿಯ ಹತ್ತಿರ ಸುರಿದುಕೊಂಡು ಒರೆಸುತ್ತಿದ್ದೆ. ಬೂದು ಇಟ್ಟಿಗೆಗಳ ಗುಂಪು ಬಿಸಿಲಿಗೆ ಬಂದದ್ದೇ ಎರಡು ಪಾಲಾಯಿತು. ಕೆಲವು ಒಲೆಯ ಬೂದಿಯ ಹಾಗೆ ತುಸು ಹಳದಿಗೆ ವಾಲಿದ್ದವು. ಉಳಿದವುಗಳಲ್ಲಿ ಸ್ಲೇಟಿನ ನೀಲಿ ಛಾಯೆ. ತಯಾರಕರು ಎಷ್ಟೋ ವರ್ಷದ ಹಿಂದೆ ಬೂದು ಬಣ್ಣವನ್ನೇ ಬದಲಿಸಿದ್ದರು. ಈ ಹವ್ಯಾಸದವರಿಗೆ ಹಳದಿಗೆ ವಾಲಿದ ಹಳೆ ಬೂದು, ನೀಲಿಗೆ ವಾಲಿದ ಹೊಸ ಬೂದು ಎಂಬುದು ಅ ಆ ಇ ಈ ಇದ್ದ ಹಾಗೆ. ನನಗೂ ಗೊತ್ತಿತ್ತು. ಗೊತ್ತಿದ್ದೂ ಹೋದ ವಾರ ಹನ್ನೊಂದು ಹೊಸ ಬೂದು ಇಟ್ಟಿಗೆಗಳನ್ನು ಒಂದು ಹಳೆ ಬೂದು ಕೋಟೆಯ ಗೋಡೆಗೆ ನನ್ನ ಕೈಯಾರೆ ಸೇರಿಸಿದ್ದೆ. ಆ ಕೋಟೆ ಶನಿವಾರ ಮಾರಾಟವಾಗಿತ್ತು.

ಹೇಗಾಯಿತೆಂದು ಮೊದಲಿಂದ ಹೇಳಬೇಕು.

ಡಿಗ್ರಿ ಮುಗಿದು ಎಂಟು ತಿಂಗಳಾದರೂ ನಾನು ಯಾವ ಸಂದರ್ಶನದಲ್ಲೂ ಗಂಟಲು ಬಿಚ್ಚಿ ಮಾತಾಡಲಿಲ್ಲ. ನೋಡಿ ನೋಡಿ ಅಮ್ಮ ತನ್ನ ತಮ್ಮನ ಅಂಗಡಿಗೆ ನನ್ನನ್ನು ಕಳಿಸಿದಳು. ಮಾವ ಹಳೆಯ ಇಟ್ಟಿಗೆ ಸೆಟ್‌ಗಳನ್ನು ಕೊಂಡು ಮಾರುತ್ತಾನೆ. ಮುಂದಿನ ಕೋಣೆಯಲ್ಲಿ ಕಪಾಟು, ಕೌಂಟರು. ಹಿಂದಿನ ಕೋಣೆಯಲ್ಲಿ ಉದ್ದ ಮೇಜು, ತುಣುಕು ವಿಂಗಡಿಸುವ ಅರವತ್ತು ತಟ್ಟೆ, ಒಂದು ಟ್ಯೂಬ್‌ಲೈಟು. ಕಿಟಕಿ ಇಲ್ಲ. ಅಂಗಡಿಯ ನಿಯಮ ಒಂದೇ: ಕಟ್ಟಿ ನೋಡದೆ ಮಾರುವಂತಿಲ್ಲ. ಯಾವ ಹಳೆ ಸೆಟ್ ಬಂದರೂ ಕಟ್ಟುವ ವಿಧಾನದ ಪುಸ್ತಿಕೆ ನೋಡಿ ಪೂರ್ತಿ ಕಟ್ಟಬೇಕು, ಏನೇನು ಇಲ್ಲವೆಂದು ಬರೆದುಕೊಳ್ಳಬೇಕು, ತಂದವರಿಗೆ ಫೋನ್ ಮಾಡಿ ಹೇಳಬೇಕು, ಮತ್ತೆ ಬಿಚ್ಚಿ ಚೀಲಕ್ಕೆ ಹಾಕಬೇಕು. ಕಟ್ಟಿದವರೇ ಒಂದು ಚೀಟಿಯಲ್ಲಿ ನಾಲ್ಕು ಸಾಲು ಅಭಿಪ್ರಾಯ ಬರೆದು ಪೆಟ್ಟಿಗೆಗೆ ಅಂಟಿಸಬೇಕು.

ಮೊದಲು ಮಾವನೇ ಬರೆಯುತ್ತಿದ್ದ. "ಒಳ್ಳೆಯ ಸೆಟ್. ಮಕ್ಕಳಿಗೆ ಇಷ್ಟವಾಗುತ್ತದೆ." ಎಲ್ಲದಕ್ಕೂ ಇದೇ. ಒಂದು ದಿನ ನನ್ನ ಡೈರಿ ಮೇಜಿನ ಮೇಲೆ ತೆರೆದಿತ್ತು. ಓದಿಬಿಟ್ಟ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನು ಮಾತ್ರ ಕೂತಲ್ಲೇ ನಗತೊಡಗಿದ. ಪಟ್ಟಣದ ಥೀಮ್‌ನಲ್ಲಿ ಬರುವ ಸೆಟ್‌ಗಳ ಬಗ್ಗೆ ನಾನು ಹೀಗೆ ಬರೆದಿದ್ದೆ: "ಪ್ರತಿ ವರ್ಷ ಒಂದು ಹೊಸ ಪೊಲೀಸ್ ಠಾಣೆ, ಒಂದು ಹೊಸ ಅಗ್ನಿಶಾಮಕ ಠಾಣೆ. ಕಳ್ಳ ನುಗ್ಗುವುದಕ್ಕೆ, ಬೆಂಕಿ ಬೀಳುವುದಕ್ಕೆ ಒಂದು ಮನೆಯಾದರೂ ಬೇಡವೇ?"

ಅಂದಿನಿಂದ ಚೀಟಿ ಬರೆಯುವ ಕೆಲಸ ನನ್ನದಾಯಿತು. "ಬಾಯಲ್ಲಿ ಬರದ್ದೆಲ್ಲ ನಿನ್ನ ಕೈಯಲ್ಲಿ ಬರುತ್ತಲ್ಲೇ ಮೌನಗೌರಿ" ಎಂದ ಮಾವ.

ಬರೆದೆ. ಸಿನಿಮಾದ ಸೆಟ್‌ಗಳ ಬಗ್ಗೆ: "ಗೊಂಬೆಯ ಮುಖ ಮುಚ್ಚಿ ನೋಡಿ. ಅಂತರಿಕ್ಷ ನೌಕೆಯೆಂದು ಉಳಿಯುವುದು ಒಂದು ಬೂದು ತ್ರಿಕೋನ." ದೊಡ್ಡವರ ಹೂಗೊಂಚಲಿನ ಸೆಟ್ ಬಗ್ಗೆ: "ನೀರು ಹಾಕುವ ಕೆಲಸ ತಪ್ಪಿತು, ಧೂಳು ಒರೆಸುವ ಕೆಲಸ ಅಂಟಿತು." ಮುದ್ರಿಸಿದ ತುಣುಕು ಕೊಡದೆ ಸ್ಟಿಕರ್ ಹಾಳೆ ಕೊಡುವವರ ಮೇಲೆ ನನಗಿರುವ ಸಿಟ್ಟಿಗಂತೂ ನಾಲ್ಕು ಸಾಲು ಸಾಲದೆ ಚೀಟಿಯ ಹಿಂಬದಿಗೂ ಹೋದೆ. ಹಳೆಯ ಬಾಹ್ಯಾಕಾಶದ ಸೆಟ್‌ಗಳನ್ನು ಮನಸಾರೆ ಹೊಗಳಿದೆ. ಅವುಗಳ ಗಗನಯಾತ್ರಿಗಳು ಯಾರ ಮೇಲೂ ಯುದ್ಧಕ್ಕೆ ಹೋಗುವುದಿಲ್ಲ. ಸುಮ್ಮನೆ ಕಲ್ಲು ಹೆಕ್ಕಿಕೊಂಡು ಮನೆಗೆ ಬರುತ್ತಾರೆ. ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲು ಕೋಟೆಯ ಥೀಮ್. ಕೋಟೆಗೆ ಬಾಗಿಲಿದೆ. ಬಾಗಿಲಿದ್ದರೆ ಒಳಗೊಬ್ಬ, ಹೊರಗೊಬ್ಬ ಇರಲೇಬೇಕು. ಮುಂದಿನ ಕಥೆ ಮಗುವೇ ಕಟ್ಟಿಕೊಳ್ಳುತ್ತದೆ.

ಜನ ಚೀಟಿ ಓದಿ ನಿಂತರು, ನಕ್ಕರು, ಕೊಂಡರು. ಕೆಲವರು ಚೀಟಿಯನ್ನೇ ಬಿಡಿಸಿಕೊಂಡು ಹೋದರು. ಹುಟ್ಟಿದಂದಿನಿಂದ ನಾನು ಹೇಳಿದ್ದನ್ನು ಯಾರಾದರೂ ಎರಡನೇ ಸಲ ಕೇಳಿದ್ದಿದ್ದರೆ ಅದು ಆ ಚೀಟಿಗಳಲ್ಲೇ.

ಹೋದ ವಾರ ಒಬ್ಬರು ನರ್ಸ್ ದೊಡ್ಡ ಕೋಟೆಯ ಸೆಟ್ ತಂದರು. ಅದು ಅವರ ತಮ್ಮ ಚಿಕ್ಕಂದಿನಲ್ಲಿ ಆಡಿದ್ದು; ಅವನೀಗ ಹಡಗಿನಲ್ಲಿ ಮೆಕ್ಯಾನಿಕ್, ವರ್ಷಕ್ಕೊಮ್ಮೆ ಬರುವವನು. ಆಸ್ಪತ್ರೆಯವರು ಕ್ವಾರ್ಟರ್ಸ್ ಖಾಲಿ ಮಾಡಿಸುತ್ತಿದ್ದಾರೆ, ಹೊಸ ಮನೆಗೆ ಅಟ್ಟವಿಲ್ಲ, "ಮಾರಿಬಿಡು ಅಕ್ಕ" ಎಂದನಂತೆ ತಮ್ಮ. ಮಾರುವುದು ನರ್ಸ್‌ಗೆ ಅಷ್ಟೇನೂ ಇಷ್ಟವಿರಲಿಲ್ಲ. ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡೇ ಮಾತಾಡುತ್ತಿದ್ದರು.

"ಒಂದು ಚೂರೂ ಕಳೆದಿಲ್ಲ ನೋಡಿ. ಅವನು ಊಟ ಬಿಟ್ಟಾನು, ಎಣಿಸೋದು ಬಿಡೋನಲ್ಲ."

ಎರಡು ದಿನ ಕಟ್ಟಿದೆ. ಹಿಂದಿನ ಗೋಡೆಗೆ ಬಂದಾಗ ಹನ್ನೊಂದು ಇಟ್ಟಿಗೆ ಕಡಿಮೆ ಬಿದ್ದವು. ಚೀಲ ಕೊಡವಿದೆ, ಮೇಜಿನ ಕೆಳಗೆ ತೆವಳಿದೆ. ಇಲ್ಲ. ನಿಯಮದ ಪ್ರಕಾರ ಫೋನ್ ಮಾಡಬೇಕಿತ್ತು. ನಂಬರು ಒತ್ತಿದೆ. ಎರಡು ಸಲ ರಿಂಗಾಯಿತು. ಪೆಟ್ಟಿಗೆಯ ಮೇಲಿದ್ದ ಆ ಕೈ ನೆನಪಾಯಿತು. "ನಿಮ್ಮ ತಮ್ಮ ಎಣಿಸಿದ್ದು ತಪ್ಪು" ಎಂದು ಹೇಗೆ ಹೇಳುವುದು? ಮೂರನೆಯ ರಿಂಗಿಗೆ ಮೊದಲೇ ಕಟ್ ಮಾಡಿದೆ.

ಮರುದಿನ ನನ್ನ ಡಬ್ಬಿಯಿಂದ ಹನ್ನೊಂದು ಬೂದು ಇಟ್ಟಿಗೆ ತಂದು ಕೂರಿಸಿದೆ. ಟ್ಯೂಬ್‌ಲೈಟಿನಡಿ ಅಕ್ಕತಂಗಿಯರಂತೆ ಕಂಡವು. ಯಾರಿಗೆ ನಷ್ಟ? ನನ್ನ ಇಟ್ಟಿಗೆ, ನನ್ನ ಇಷ್ಟ. ಚೀಟಿಯಲ್ಲಿ "ಪೂರ್ಣ. ಎಲ್ಲವೂ ಮೂಲ ತುಣುಕುಗಳು" ಎಂದು ಬರೆದು, ಕೆಳಗೆ ಕೋಟೆಯ ಬಾಗಿಲನ್ನು ಕೊಂಡಾಡಿ ನಾಲ್ಕು ಸಾಲು ಸೇರಿಸಿದೆ. ಬೆಳಕಿಗೆ ಒಯ್ದು ನೋಡಬೇಕೆಂದು ಹೊಳೆಯಲೇ ಇಲ್ಲ.

ಶನಿವಾರ ಅದನ್ನು ಕೊಂಡದ್ದು ಸ್ಕೇಲ್ ಸಾರ್. ನಿವೃತ್ತ ನಕ್ಷೆಗಾರರು, ಅಂಗಿಯ ಜೇಬಿನಲ್ಲಿ ಈಗಲೂ ಸ್ಕೇಲು ಇಟ್ಟುಕೊಂಡಿರುವುದಕ್ಕೆ ಮಾವ ಇಟ್ಟ ಹೆಸರು. ಬರುವ ಗಿರಾಕಿಗಳಲ್ಲೆಲ್ಲ ಅವರಷ್ಟು ಸೂಕ್ಷ್ಮ ಕಣ್ಣಿನವರು ಇನ್ನೊಬ್ಬರಿಲ್ಲ.

ಸೋಮವಾರ ಬಿಸಿಲಿಗೆ ಇಟ್ಟಿಗೆ ಸುರಿದಾಗ ನನಗಾದದ್ದು ಏನೆಂದು ಈಗ ಅರ್ಥವಾಗಿರಬಹುದು. ಅಂದು ಅಂಗಡಿಯಲ್ಲಿ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ವಿಂಗಡಿಸಿದ ತಟ್ಟೆಗಳನ್ನೇ ಮತ್ತೆ ವಿಂಗಡಿಸಿದೆ. ಬಾಗಿಲ ಗಂಟೆ ಅಲುಗಾಡಿದಾಗಲೆಲ್ಲ ಸ್ಕೇಲು ಬಂತೆಂದು ಬಾಗಿಲತ್ತ ಇಣುಕಿದೆ. ಮಂಗಳವಾರವೂ ಹಾಗೇ. ಅವರಿಗೆ ಗೊತ್ತಾಗಲಿಕ್ಕಿಲ್ಲ ಎಂದುಕೊಂಡೆ. ಗೊತ್ತಾಗದಿದ್ದರೆ ಅವರು ಸ್ಕೇಲ್ ಸಾರ್ ಹೇಗಾಗುತ್ತಾರೆ ಎಂದೂ ಅಂದುಕೊಂಡೆ. ಅಮ್ಮ ಊಟಕ್ಕೆ ಕೂತಾಗ ಯಾಕೆ ಕಾಲು ಕುಣಿಸುತ್ತೀಯೆಂದು ಗದರಿದಳು. ಕಾಲು ನಿಲ್ಲಿಸಿದರೆ ಕೈ ಶುರುವಾಗುತ್ತಿತ್ತು.

ಬುಧವಾರ ಬಂದರು. ಮನೆಯಲ್ಲಿ ಕೋಟೆ ಕಟ್ಟಿ, ಹಿಂದಿನ ಗೋಡೆಯನ್ನಷ್ಟೇ ಬಿಡಿಸಿ ಬಟ್ಟೆಯ ಚೀಲದಲ್ಲಿ ತಂದಿದ್ದರು. ಮಾವನನ್ನು ಹೊಸ್ತಿಲಾಚೆ ಕರೆದು ಬಿಸಿಲಿಗೆ ಹಿಡಿದರು. ಹಿಂದಿನ ಕೋಣೆಯ ಪರದೆಯ ಸಂದಿಯಿಂದ ನನಗೂ ಕಂಡಿತು. ಹನ್ನೊಂದೂ ಎದ್ದು ಕಾಣುತ್ತಿದ್ದವು, ಮಾಸಿದ ಪ್ಯಾಂಟಿಗೆ ಹೊಲಿದ ಹೊಸ ಜೇಬಿನ ಹಾಗೆ.

ವಾಪಸ್ ಕೊಡಲು ಬಂದಿಲ್ಲ ಎಂದರು ಅವರು. ಕೋಟೆ ಚೆನ್ನಾಗಿದೆಯಂತೆ, ಬಾಗಿಲಿನ ಬಗ್ಗೆ ಬರೆದದ್ದು ನೂರಕ್ಕೆ ನೂರು ಸರಿಯಂತೆ. ಆದರೆ ಯಾರೋ ತೇಪೆ ಹಾಕಿ ಮೂಲದ್ದೆಂದು ನಂಬಿಸಿದ್ದಾರೆ, ತಂದವರನ್ನು ಒಂದು ಮಾತು ಕೇಳಿ. ಆಮೇಲೆ ಪರದೆಯ ಕಡೆ ತಿರುಗಿ, ನಾನು ಅಲ್ಲಿರುವುದು ಗೊತ್ತಿದ್ದವರಂತೆ ಹೇಳಿದರು: "ಈ ಹುಡುಗಿ ತಪ್ಪೇನಿಲ್ಲ ಬಿಡಿ. ಆ ಕೋಣೇಲಿ ಯಾರಿಗೂ ಕಾಣಲ್ಲ. ಇವಳು ಬರೆದ ಮೇಲೆ ನಾನು ಪ್ರಶ್ನೆ ಕೇಳೋನಲ್ಲ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವರು ಹೋದ ಮೇಲೆ ಮಾವ ಕೌಂಟರಿನ ಹಿಂದೆ ಕೂತು ಪರದೆಯ ಕಡೆ ತಿರುಗಿ ಹೇಳಿದ.

"ಎಷ್ಟು ಗಟ್ಟಿಯಾಗಿ ಹೇಳಿದ್ರು ನೋಡು ಆ ನರ್ಸು, ಒಂದು ಚೂರೂ ಕಳೆದಿಲ್ಲ ಅಂತ. ಅಷ್ಟು ಗಟ್ಟಿಯಾಗಿ ಹೇಳ್ದಾಗಲೇ ನಂಗೆ ಅನುಮಾನ ಬರಬೇಕಿತ್ತು."

ಶುಕ್ರವಾರ ನರ್ಸ್ ಎರಡನೇ ಪೆಟ್ಟಿಗೆ ತರುವವರಿದ್ದರು, ಬಾಹ್ಯಾಕಾಶದ ಹಳೆಯ ಸೆಟ್‌ಗಳು. ಅದನ್ನು ತೆಗೆದುಕೊಳ್ಳುವುದಿಲ್ಲ ಎಂದು ಮಾವ ತೀರ್ಮಾನಿಸಿದ. ನಂಬಿಕೆ ಹೋದ ಕಡೆ ವ್ಯವಹಾರ ಬೇಡವಂತೆ.

"ಮಾವ..." ಎಂದೆ.

"ಏನೇ?"

"ಟೀ ತರಲಾ?"

ತಂದೆ. ಇಬ್ಬರೂ ಕುಡಿದೆವು.

ಗುರುವಾರ ಮಾವನಿಗೆ ಬರೆದು ತಿಳಿಸೋಣವೆಂದು ಹೊರಟೆ. ಬರೆಯುವುದಾದರೆ ನನಗೆ ಬರುತ್ತದೆ. ಚೀಟಿಯ ಮೇಲೆ ನಾಲ್ಕೇ ಸಾಲಿನಲ್ಲಿ ಎಲ್ಲ ಬರೆದು ಅವನ ಕನ್ನಡಕದ ಪೆಟ್ಟಿಗೆಯ ಕೆಳಗೆ ಇಟ್ಟೆ. ಕಾಲು ಗಂಟೆಯಲ್ಲಿ ಹೋಗಿ ತೆಗೆದುಕೊಂಡೆ. ಗಿರಾಕಿಗಳ ಮುಂದೆ ಅವನು ಅದನ್ನು ಓದುತ್ತಾನೆ, ಪರದೆಯ ಕಡೆ ನೋಡುತ್ತಾನೆ, "ಬಾ ಇಲ್ಲಿ" ಎನ್ನುತ್ತಾನೆ. ಆಮೇಲೆ ಚೀಟಿ ಬರೆಯುವ ಕೆಲಸ ನನಗೆಲ್ಲಿ ಉಳಿಯುತ್ತದೆ? ಮತ್ತೆ "ಒಳ್ಳೆಯ ಸೆಟ್, ಮಕ್ಕಳಿಗೆ ಇಷ್ಟವಾಗುತ್ತದೆ." ಮತ್ತೆ ನಾನು, ಅಮ್ಮ, ಸಂದರ್ಶನದ ಆ ಉದ್ದನೆಯ ಬೆಂಚು. ಹನ್ನೊಂದು ಇಟ್ಟಿಗೆಗೆ ಇಷ್ಟೊಂದು ಶಿಕ್ಷೆ ಯಾಕೆಂದು ನನ್ನ ಪರವಾಗಿ ನಾನೇ ವಾದಿಸಿದೆ. ನರ್ಸ್‌ಗಾದರೂ ಏನಾಗುತ್ತದೆ, ಬೇರೆ ಅಂಗಡಿ ಇಲ್ಲವೇ ಎಂದು ಕೂಡ ಒಂದು ಕ್ಷಣ ಅಂದುಕೊಂಡೆ. ಅದು ಡೈರಿಯಲ್ಲಿ ಬರೆಯುವಂಥ ಮಾತಲ್ಲ. ಆದರೂ ಬರೆದೆ, ನೋಡಿದರೆ ನಾಚಿಕೆಯಾಗಲಿ ಎಂದು.

ಶುಕ್ರವಾರ ಹನ್ನೊಂದರ ಹೊತ್ತಿಗೆ ನರ್ಸ್ ಬಂದರು. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದರು; ಕಣ್ಣು ಕೆಂಪಾಗಿತ್ತು, ಬಿಳಿ ಬೂಟು ಕಾಲಲ್ಲೇ ಇತ್ತು. ಪೆಟ್ಟಿಗೆಯನ್ನು ಸೊಂಟಕ್ಕೆ ಒತ್ತಿಕೊಂಡು ತಂದು ಕೌಂಟರಿನ ಮೇಲಿಟ್ಟರು. ಅಂಗಡಿಯಲ್ಲಿ ಒಬ್ಬಳು ತಾಯಿ ಮತ್ತು ಅವಳ ಇಬ್ಬರು ಮಕ್ಕಳು ರೈಲಿನ ಸೆಟ್ ನೋಡುತ್ತಿದ್ದರು. ನಾನು ಪರದೆಯ ಹಿಂದೆ.

ಮಾವ ಪೆಟ್ಟಿಗೆ ತೆರೆಯಲೇ ಇಲ್ಲ. ಈಗ ಜಾಗವಿಲ್ಲ ಸಿಸ್ಟರ್ ಎಂದ. ಅವರು ಖಾಲಿ ಕಪಾಟು ನೋಡಿದರು, ಅವನ ಮುಖ ನೋಡಿದರು.

"ಜಾಗ ಇದೆಯಲ್ಲಾ ಸಾರ್. ಏನು ವಿಷಯ ಹೇಳಿ."

ಮಾವ ದನಿ ತಗ್ಗಿಸಿದ. ಅವನ ತಗ್ಗಿದ ದನಿ ಬೀದಿಗೆ ಕೇಳುತ್ತದೆ. ಕೋಟೆಯಲ್ಲಿ ಹನ್ನೊಂದು ಇಟ್ಟಿಗೆ ಬೇರೆಯವು, ಕಡಿಮೆ ಇದೆಯೆಂದು ಮೊದಲೇ ಹೇಳಿದ್ದರೆ ತಾನೇನೂ ತಪ್ಪು ತಿಳಿಯುತ್ತಿರಲಿಲ್ಲ, ಮುಚ್ಚಿಟ್ಟದ್ದೇ ಬೇಸರವಾಯಿತು ಎಂದ. ರೈಲು ನೋಡುತ್ತಿದ್ದ ತಾಯಿ ತಿರುಗಿ ನೋಡಿದಳು.

ನರ್ಸ್ ಜಗಳವಾಡುತ್ತಾರೆಂದುಕೊಂಡೆ. ಆಡಲಿಲ್ಲ. ಪೆಟ್ಟಿಗೆಯ ಟೇಪನ್ನು ಉಗುರಿನಿಂದ ಕಿತ್ತು ಮೇಲಿನ ಚೀಲ ಹೊರಗೆ ತೆಗೆದರು. ಅದರ ಮೇಲೊಂದು ಕಾಗದ ಪಿನ್ನು ಮಾಡಿತ್ತು. ಯಾರೋ ಎಳೆಯ ಕೈಯಲ್ಲಿ ಬರೆದ ಪಟ್ಟಿ, ಯಾವ ತುಣುಕು ಎಷ್ಟು ಎಂದು.

"ನನ್ನ ತಮ್ಮ ಅಂಥೋನಲ್ಲ. ನಾನೂ ಅಲ್ಲ. ಇಲ್ಲೇ ಎಣಿಸೋಣ, ನಿಮ್ಮ ಮುಂದೇನೇ."

ಬೇಡ ಸಿಸ್ಟರ್, ನೀವು ದಣಿದಿದ್ದೀರಿ ಎಂದ ಮಾವ. ಅವರು ಕೇಳಿಸಿಕೊಳ್ಳಲಿಲ್ಲ. ಚೀಲವನ್ನು ಕೌಂಟರಿನ ಮೇಲೆ ಸುರಿದರು. ಒಂದು ಹಳದಿ ತುಣುಕು ಉರುಳಿ ಕೆಳಗೆ ಬಿತ್ತು. ಬಗ್ಗಿ ಹೆಕ್ಕಿ ಇಟ್ಟುಕೊಂಡರು. ಬೆರಳಿನಿಂದ ಒಂದೊಂದನ್ನೇ ಪಕ್ಕಕ್ಕೆ ಸರಿಸುತ್ತಾ ಎಣಿಸತೊಡಗಿದರು, ಮಾತ್ರೆ ಎಣಿಸುವವರ ಹಾಗೆ. ಇಪ್ಪತ್ತರ ಹತ್ತಿರ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದರು. ಮಕ್ಕಳಲ್ಲಿ ಚಿಕ್ಕವಳು ಹತ್ತಿರ ಬಂದು ಅವರ ಜೊತೆ ತಾನೂ ಎಣಿಸಲು ಹೊರಟಳು; ತಾಯಿ ಕೈ ಹಿಡಿದು ಎಳೆದುಕೊಂಡಳು.

ಆ ಚೀಲದಲ್ಲೂ ಕಡಿಮೆ ಇದ್ದರೆ? ಇರಬಹುದು. ಹುಡುಗರು ಎಣಿಸುತ್ತಾರೆ, ಕಳೆಯುತ್ತಾರೆ, ಅಕ್ಕಂದಿರಿಗೆ ಹೇಳುವುದಿಲ್ಲ. ಇವರು ಕೊನೆಯವರೆಗೆ ಎಣಿಸಿ, ಕಡಿಮೆ ಬಿದ್ದು, ಎಲ್ಲರೆದುರು ತಲೆ ತಗ್ಗಿಸಿ ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಾರೆ. ತಮ್ಮನೇ ತನಗೆ ಸುಳ್ಳು ಹೇಳಿದನೆಂದು ಜೀವಮಾನವಿಡೀ ನಂಬುತ್ತಾರೆ.

ಪರದೆ ಸರಿಸಿದ್ದು ಗೊತ್ತು. ಕೌಂಟರಿನವರೆಗೆ ಆರು ಹೆಜ್ಜೆ. ಅದು ಹೇಗೆ ದಾಟಿದೆನೋ ಗೊತ್ತಿಲ್ಲ. ಮಾವ ನನ್ನ ಕಡೆ ನೋಡಿದ, ಟೀ ಬೇಕೇ ಎಂದು ಕೇಳಲು ಬಂದಳೆಂದು ಅಂದುಕೊಂಡಿರಬೇಕು. ನರ್ಸ್ ಮೂವತ್ತನಾಲ್ಕರಲ್ಲಿದ್ದರು. ನಾನು ಅವರ ಬೆರಳಿನ ಮುಂದೆ ಕೈ ಅಡ್ಡ ಇಟ್ಟೆ.

"ಎಣಿಸಬೇಡಿ ಸಿಸ್ಟರ್" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಕೋಟೆಗೆ ಆ ಹನ್ನೊಂದು ಇಟ್ಟಿಗೆ ಹಾಕಿದ್ದು ನಾನು."