ಸಾಹೇಬರಿಗಿಂತ ಮೊದಲು

"ಏ ಮುಂಡೆ, ಎಲ್ಲಿಗ್ ಹೊರಟೆ? ಅದು ನಿಮ್ಮಂಥೋರಿಗೆ ಕಟ್ಸಿರೋದಲ್ಲ."

ಮೇಸ್ತ್ರಿಯ ಕೂಗಿಗೆ ಸೊಸೆ ಹೊಸ ಶೌಚಾಲಯದ ಬಾಗಿಲಲ್ಲೇ ನಿಂತುಬಿಟ್ಟಳು. ತುಂಬು ಬಸುರಿ. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ನೆಲ ಒರೆಸುವ ಬಟ್ಟೆ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಹಾಸುಗಲ್ಲಿನ ಸಿಮೆಂಟು ಕಲೆ ಕೆರೆಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

ಊರು ಉದ್ಧಾರವಾಗಲೆಂದು ರೈಲ್ವೆ ಸ್ಟೇಷನ್ನನ್ನು ಹೊಸದಾಗಿ ಕಟ್ಟಿದ್ದರು. ಗಾಜಿನ ಗೋಡೆ, ತಾನೇ ಮೇಲೇರುವ ಮೆಟ್ಟಿಲು, ಸೋಫಾ ಹಾಕಿದ ಹಾಲ್. ಕಾರು ನಿಲ್ಲಿಸಲು ಜಾಗ ಸಾಲದೆಂದು ಹಿಂದಿದ್ದ ಕೂಲಿಯವರ ಸಾಲುಮನೆಗಳನ್ನು ಕೆಡವಿದರು. ಅಲ್ಲಿನ ಹೆಂಗಸರಿಗಿದ್ದ ಕಕ್ಕಸೂ ಅವುಗಳ ಜೊತೆಗೇ ಹೋಯಿತು. ಕೆಡವಿದವರೇ ಕರೆದು ಗುಡಿಸುವ ಕೆಲಸ ಕೊಟ್ಟರು. ಹೆಂಗಸರು ಹಳಿ ಪಕ್ಕದ ಪೊದೆಗೆ ಹೋಗಿಬರುತ್ತಿದ್ದರು. ಇವತ್ತು ದೊಡ್ಡ ಸಾಹೇಬರಿಂದ ಉದ್ಘಾಟನೆಯೆಂದು ಆ ಪೊದೆಯನ್ನೂ ಸವರಿ ಹೂಕುಂಡ ಇಟ್ಟಿದ್ದರು.

ಸೊಸೆ ಅತ್ತೆಯ ಬಳಿ ಬಂದು ಇನ್ನು ತನ್ನಿಂದ ಆಗುವುದಿಲ್ಲ ಎಂದಳು. ಅತ್ತೆ ಗದರಿದಳು. ಬಸುರಿಯೆಂದು ಕೂರಿಸಿ ಸಾಕುವವರು ಯಾರೂ ಇಲ್ಲ, ಇಬ್ಬರ ಕೆಲಸವೂ ಹೋಗುತ್ತದೆ, ಸಾಹೇಬರು ಬಂದುಹೋಗುವ ತನಕ ತಡೆದುಕೋ ಎಂದಳು. ಬೆಳಗಿನಿಂದ ಅವಳೂ ತಡೆದುಕೊಂಡೇ ಇದ್ದಳು.

ಸೊಸೆ ಮತ್ತೆ ಮಂಡಿಯೂರಿ ಒರೆಸತೊಡಗಿದಳು. ಏರ್ಪಾಟು ನೋಡಲು ಅಧಿಕಾರಿಗಳು ಬಂದರು. ದಾರಿ ಬಿಡಲೆಂದು ಅವಳು ದಡಬಡಿಸಿ ಎದ್ದಳು. ಎದ್ದದ್ದೇ ತಡ, ಉಚ್ಚೆ ಕಾಲುಗುಂಟ ಇಳಿದು ಹೊಳೆಯುವ ಕಲ್ಲಿನ ಮೇಲೆ ಹರಿಯಿತು. ತಡೆಯಲು ಅವಳಿಂದ ಆಗಲಿಲ್ಲ. ಒಬ್ಬ ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದ. ಇನ್ನೊಬ್ಬ ತನ್ನ ಬೂಟು ನೋಡಿಕೊಂಡ.

"ದರಿದ್ರದೋಳೆ, ಇಲ್ಲೇ ಹುಯ್ಕೊಂಡ್ಯಾ?" ಮೇಸ್ತ್ರಿ ಒರೆಸುವ ಬಟ್ಟೆಯನ್ನು ದೂರಕ್ಕೆ ಒದ್ದ. "ಆ ಬಟ್ಟೆ ಮುಟ್ಬೇಡ. ನಿನ್ ಸೀರೇಲೇ ಒರ್ಸು."

ಸೊಸೆ ಸೆರಗೆಳೆದುಕೊಂಡು ಬಗ್ಗಿದಳು. ಹೊಟ್ಟೆ ಅಡ್ಡ ಬಂದು ಕೈ ನೆಲಕ್ಕೆ ಎಟುಕಲಿಲ್ಲ. ಮತ್ತೆ ಬಗ್ಗಿದಳು.

ಅತ್ತೆ ಎದ್ದಳು. ಮಂಡಿ ಹಿಡಿದಿತ್ತು, ಕುಂಟುತ್ತಲೇ ಬಂದು ಸೊಸೆಯ ರಟ್ಟೆ ಹಿಡಿದೆತ್ತಿದಳು. ಮದುವೆಯಾಗಿ ಬಂದಾಗಿನಿಂದ ಆ ಹುಡುಗಿಗೆ ಒಂದು ಒಳ್ಳೆ ಮಾತು ಆಡಿದವಳಲ್ಲ, ಈಗಲೂ ಆಡಲಿಲ್ಲ. "ನಡಿ" ಎಂದಳಷ್ಟೆ. ಶೌಚಾಲಯದ ಬಾಗಿಲಿಗೆ ಅಡ್ಡ ಕಟ್ಟಿದ್ದ ಕೆಂಪು ರಿಬ್ಬನ್ನನ್ನು ಕಿತ್ತೆಸೆದು ಅವಳನ್ನು ಒಳಕ್ಕೆ ತಳ್ಳಿ, ಚಿಲಕ ಹಾಕಿಕೊಳ್ಳಲು ಹೇಳಿದಳು.

ಮೇಸ್ತ್ರಿ ಕೈಯೆತ್ತಿಕೊಂಡು ಬಂದ. ಅಷ್ಟರಲ್ಲಿ ಗಾಜು ಒರೆಸುತ್ತಿದ್ದವಳು ಏಣಿಯಿಳಿದು ಬಂದು ಅತ್ತೆಯ ಹಿಂದೆ ನಿಂತಳು. ಆಮೇಲೆ ಕಸದ ಗಾಡಿಯವಳು. ಪೊರಕೆಗಳನ್ನು ಸೋಫಾಗಳಿಗೆ ಒರಗಿಸಿ ಉಳಿದವರೂ ಬಂದು ಸಾಲು ಹಿಡಿದರು. ಹೊರಗೆ ಬ್ಯಾಂಡು ಶುರುವಾಯಿತು. ಸಾಹೇಬರ ಕಾರು ಬಂದಿತ್ತು. ಮೇಸ್ತ್ರಿಯ ದನಿ ಇಳಿಯಿತು. ಕೈಮುಗಿಯುತ್ತೇನೆ, ಜಾಗ ಬಿಡಿ ಎಂದ. ಬಿಡದಿದ್ದರೆ ನಾಳೆಯಿಂದ ಒಬ್ಬರಿಗೂ ಕೆಲಸವಿಲ್ಲ ಎಂದೂ ಸೇರಿಸಿದ.

"ಗೊತ್ತು ಕಣೋ ಬೋಳಿಮಗನೆ," ಎಂದಳು ಅತ್ತೆ. "ನಿನ್ ಸಾಹೇಬ್ರಿಗೆ ಅರ್ಜೆಂಟಾಗಿದ್ರೆ ಹಿಂದೆ ನಿಂತ್ಕೊಳ್ಳೋಕೆ ಹೇಳು."

ಯಾರೂ ನಗಲಿಲ್ಲ. ಒಳಗೆ ನೀರು ಸುರಿಯಿತು. ಅದರ ಸದ್ದು ಅಡಗಿದ ಮೇಲೆ ಸೊಸೆಯ ಬಿಕ್ಕು ಕೇಳಿಸಿತು. ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಗಾಜಿನಾಚೆ ಹಾರ ಹಾಕಿಸಿಕೊಂಡವರು, ಅವರ ಮುಂದೆ ಲಾಠಿಯವರು ಒಳಕ್ಕೆ ಬರುತ್ತಿದ್ದರು.